ಡಯಾಬಿಟಿಸ್ ಇರುವ ಒಳರೋಗಿಗಳಿಗೆ ನರ್ಸಿಂಗ್ ಡಯಾಗ್ನೋಸಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನರ್ಸಿಂಗ್ ವಿದ್ಯಾರ್ಥಿಗಳು, ಹೊಸದಾಗಿ ವಾರ್ಡ್ ಡ್ಯೂಟಿಗೆ ಬಂದವರು, ಕೆಲವೊಮ್ಮೆ ಸೀನಿಯರ್‌ಗಳೂ ಕೇಳುವ ಪ್ರಶ್ನೆಗಳು ಇವು. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ. ಡೋಸ್, ಡ್ರಿಪ್ ವಿಷಯ ಬಂದಾಗ ನಿಮ್ಮ ಆಸ್ಪತ್ರೆಯ ಪ್ರೋಟೊಕಾಲ್ ಮತ್ತು ಡಾಕ್ಟರ್ ಆರ್ಡರ್ ಏನು ಹೇಳುತ್ತದೋ ಅದೇ ನಡೆಯಬೇಕು.

## ಮೊದಲ ಪಾಠ

ಡಾಕ್ಟರ್ ಆಗಲೇ ಡಯಾಬಿಟಿಸ್ ಅಂತ ಬರೆದಿದ್ದಾರಲ್ಲ, ನಾವು ಮತ್ತೆ ಯಾಕೆ ಡಯಾಗ್ನೋಸಿಸ್ ಬರೀಬೇಕು?

ಡಾಕ್ಟರ್ ಬರೆಯುವುದು ಕಾಯಿಲೆಯ ಹೆಸರು. ನೀವು ಬರೆಯುವುದು ಆ ಕಾಯಿಲೆಯಿಂದ ಈ ರೋಗಿಗೆ ಇವತ್ತು ಎದುರಾಗಿರುವ ತೊಂದರೆ, ಅದೂ ನರ್ಸ್ ಕೈಯಲ್ಲಿ ಸರಿಪಡಿಸಲು ಅಥವಾ ತಡೆಯಲು ಆಗುವಂಥದ್ದು. ಅಕ್ಕಪಕ್ಕದ ಎರಡು ಬೆಡ್‌ಗಳಲ್ಲಿ ಇಬ್ಬರು ಟೈಪ್ 2 ರೋಗಿಗಳಿದ್ದಾರೆ ಅಂದುಕೊಳ್ಳಿ. ಒಬ್ಬರಿಗೆ ಅಂಗಾಲಲ್ಲಿ ಹುಣ್ಣು, ಇನ್ನೊಬ್ಬರಿಗೆ ಕಣ್ಣು ಮಂಜಾಗಿ ಸಿರಿಂಜ್ ಮೇಲಿನ ಗೆರೆಯೇ ಕಾಣುವುದಿಲ್ಲ. ಕಾಯಿಲೆ ಒಂದೇ, ಆದರೆ ಇಬ್ಬರ ಕೇರ್ ಪ್ಲಾನ್ ಒಂದೇ ಆಗಿದ್ದರೆ ಯಾರೋ ಕಾಪಿ ಹೊಡೆದಿದ್ದಾರೆ ಅಂತಲೇ ಅರ್ಥ.

ನ್ಯಾಂಡಾ ಪಟ್ಟಿಯಲ್ಲಿರೋ ಪದಗಳನ್ನೇ ಬಳಸಬೇಕಾ? ನಮ್ಮ ಮಾತಲ್ಲಿ ಬರೆದ್ರೆ ಆಗಲ್ವಾ?

ನರ್ಸಿಂಗ್ ಡಯಾಗ್ನೋಸಿಸ್‌ಗಳನ್ನು ಪಟ್ಟಿ ಮಾಡುವ ಕೆಲಸ ಅಮೆರಿಕದಲ್ಲಿ 1973ರ ಒಂದು ಸಮ್ಮೇಳನದಲ್ಲಿ ಶುರುವಾಯಿತು. 1982ರಲ್ಲಿ ಅದಕ್ಕಾಗಿ ನ್ಯಾಂಡಾ ಎಂಬ ಸಂಘ ಹುಟ್ಟಿತು, 2002ರಿಂದ ಅದು ನ್ಯಾಂಡಾ ಇಂಟರ್‌ನ್ಯಾಷನಲ್. ಒಂದೇ ತೊಂದರೆಯನ್ನು ಎಲ್ಲರೂ ಒಂದೇ ಹೆಸರಿನಿಂದ ಕರೆಯಲಿ ಅನ್ನುವುದು ಉದ್ದೇಶ. ಪರೀಕ್ಷೆಗೆ, ಆಸ್ಪತ್ರೆಯ ದಾಖಲೆಗೆ ಆ ಹೆಸರುಗಳನ್ನೇ ಬಳಸಿ. ಆದರೆ ಆವೃತ್ತಿ ಬದಲಾದಾಗ ಕೆಲವು ಹೆಸರು ಬದಲಾಗುತ್ತವೆ, ಕೆಲವನ್ನು ತೆಗೆದೇ ಹಾಕುತ್ತಾರೆ. ನಿಮ್ಮ ಕಾಲೇಜಿನಲ್ಲಿ ಯಾವ ಆವೃತ್ತಿ ನಡೆಯುತ್ತಿದೆ ಅಂತ ಕೇಳಿಕೊಳ್ಳಿ. ಹ್ಯಾಂಡೋವರ್‌ನಲ್ಲಿ ಮಾತಾಡುವಾಗ ಮಾತ್ರ ದಯವಿಟ್ಟು ಮನುಷ್ಯರ ಭಾಷೆಯಲ್ಲಿ ಮಾತಾಡಿ.

‘ಡಯಾಬಿಟಿಸ್‌ನಿಂದಾಗಿ’ ಅಂತ ಕಾರಣ ಬರೆದ್ರೆ ಮೇಡಂ ಮಾರ್ಕ್ಸ್ ಕಟ್ ಮಾಡ್ತಾರೆ. ಯಾಕೆ?

ಮೇಡಂ ಮಾಡಿದ್ದು ಸರಿ. ವಾಕ್ಯಕ್ಕೆ ಮೂರು ಭಾಗ: ತೊಂದರೆ, ಕಾರಣ, ಲಕ್ಷಣ. ಇದರಲ್ಲಿ ನೀವು ಏನು ಮಾಡಬೇಕು ಅಂತ ಹೇಳುವುದು ಕಾರಣದ ಭಾಗ. ‘ಡಯಾಬಿಟಿಸ್’ ಅಂತ ಬರೆದರೆ ನರ್ಸ್ ಅದನ್ನು ಏನು ಮಾಡಲು ಸಾಧ್ಯ? ಅದರ ಬದಲು ಹೀಗೆ ಬರೆಯಿರಿ: ‘ಚರ್ಮಕ್ಕೆ ಹಾನಿ, ಪಾದದಲ್ಲಿ ಸ್ಪರ್ಶ ತಿಳಿಯದಿರುವುದು ಮತ್ತು ಬಿಗಿಯಾದ ಪಾದರಕ್ಷೆಯ ಒತ್ತಡ ಕಾರಣ, ಬಲ ಹೆಬ್ಬೆರಳಿನ ಕೆಳಗೆ 2 ಸೆಂಟಿಮೀಟರ್ ಹುಣ್ಣು ಲಕ್ಷಣ.’ ಈಗ ಕೆಲಸ ತಾನಾಗಿ ಕಾಣುತ್ತದೆ. ಒತ್ತಡ ತೆಗೆಯಬೇಕು, ಪಾದ ನೋಡಬೇಕು, ಪಾದರಕ್ಷೆ ಬದಲಾಯಿಸಲು ಹೇಳಬೇಕು. ‘ಅಪಾಯ’ ಎಂದು ಶುರುವಾಗುವ ಡಯಾಗ್ನೋಸಿಸ್‌ಗೆ ಲಕ್ಷಣ ಇರುವುದಿಲ್ಲ, ತೊಂದರೆ ಇನ್ನೂ ಆಗಿಲ್ಲವಲ್ಲ. ಅಲ್ಲಿ ಅಪಾಯದ ಅಂಶಗಳನ್ನು ಬರೆದರೆ ಸಾಕು.

ಸುಮ್ನೆ ಒಂದು ಪಟ್ಟಿ ಕೊಡಿ, ಯಾವ್ಯಾವುದು ಜಾಸ್ತಿ ಬರುತ್ತೆ?

ಕೊಡುತ್ತೇನೆ, ಆದರೆ ಇದರಿಂದ ಆರಿಸಬೇಕು, ಪೂರ್ತಿ ಇಳಿಸಬಾರದು. ರಕ್ತದ ಸಕ್ಕರೆ ಏರುಪೇರಾಗುವ ಅಪಾಯ. ಸೋಂಕಿನ ಅಪಾಯ. ಚರ್ಮಕ್ಕೆ ಹಾನಿ, ಇಲ್ಲವೇ ಅದರ ಅಪಾಯ. ಕಾಲಿಗೆ ರಕ್ತ ಸರಿಯಾಗಿ ಹರಿಯದಿರುವುದು. ದೇಹದಲ್ಲಿ ದ್ರವದ ಕೊರತೆ. ಪೋಷಣೆಯ ಏರುಪೇರು. ನರಗಳ ಹಾನಿಯಿಂದ ಬರುವ ದೀರ್ಘಕಾಲದ ನೋವು. ಬೀಳುವ ಅಪಾಯ. ತಿಳುವಳಿಕೆಯ ಕೊರತೆ. ಆರೋಗ್ಯವನ್ನು ತಾನೇ ನಿಭಾಯಿಸಿಕೊಳ್ಳಲು ಆಗದಿರುವುದು. ಆತಂಕ, ಕೈಲಾಗದ ಭಾವನೆ. ಮೊದಲ ಮೂರು ಹೆಚ್ಚುಕಡಿಮೆ ಪ್ರತಿ ರೋಗಿಗೂ ಹೊಂದುತ್ತವೆ, ಉಳಿದವಕ್ಕೆ ನಿಮ್ಮ ಪರೀಕ್ಷೆಯಲ್ಲಿ ಸಾಕ್ಷಿ ಸಿಗಬೇಕು.

## ವಾರ್ಡ್‌ನಲ್ಲಿ ದಿನಾ ಎದುರಾಗುವವು

ಮನೇಲಿ ಶುಗರ್ ಚೆನ್ನಾಗಿತ್ತು, ಆಸ್ಪತ್ರೆಗೆ ಬಂದ ಮೇಲೆ ಯಾಕೆ ಏರುಪೇರಾಗುತ್ತೆ?

ಇದು ಇಡೀ ವಿಷಯದ ಹೃದಯ ಅಂತ ನನಗೆ ಅನಿಸುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಏರುವುದಕ್ಕೆ ಕಾರಣ ಸುಲಭ. ಸೋಂಕು, ನೋವು, ಆಪರೇಷನ್ ಇವೆಲ್ಲ ಒತ್ತಡದ ಹಾರ್ಮೋನ್‌ಗಳನ್ನು ಹೆಚ್ಚಿಸುತ್ತವೆ, ಅವು ಲಿವರ್‌ನಿಂದ ಸಕ್ಕರೆ ಹೊರಗೆ ತರುತ್ತವೆ. ಮೇಲೆ ಸ್ಟೀರಾಯ್ಡ್ ಕೊಟ್ಟರೆ ಇನ್ನೂ ಜಾಸ್ತಿ.

ಇಳಿಯುವುದರ ಹಿಂದೆ ಮಾತ್ರ ಹೆಚ್ಚಾಗಿ ನಮ್ಮ ವ್ಯವಸ್ಥೆಯೇ ಇರುತ್ತದೆ. ಊಟದ ಇನ್ಸುಲಿನ್ ಚುಚ್ಚಿ ಆಯಿತು, ಅಷ್ಟರಲ್ಲಿ ಸ್ಕ್ಯಾನಿಂಗ್‌ಗೆ ಕರೆ ಬಂತು, ರೋಗಿ ಹೋದರು, ಊಟದ ತಟ್ಟೆ ಬೆಡ್ ಪಕ್ಕ ತಣ್ಣಗಾಗುತ್ತಾ ಕೂತಿದೆ. ಬೇಗ ಕೆಲಸ ಮಾಡುವ ಇನ್ಸುಲಿನ್ 10-15 ನಿಮಿಷದಲ್ಲೇ ಶುರುವಾಗುತ್ತದೆ. ಹಾಗಾಗಿ ತಟ್ಟೆ ಕಣ್ಣಿಗೆ ಕಂಡ ಮೇಲೆ, ರೋಗಿ ತಿನ್ನುವ ಸ್ಥಿತಿಯಲ್ಲಿದ್ದಾರೆ ಅಂತ ಖಾತ್ರಿಯಾದ ಮೇಲೆ ಚುಚ್ಚಿ. ಇನ್ನೊಂದು ಸಂಗತಿ ಹಲವರಿಗೆ ಹೊಳೆಯುವುದಿಲ್ಲ. ಮನೆಯಲ್ಲಿ ‘ದಿನಾ 30 ಯುನಿಟ್’ ಅನ್ನುವವರು ನಿಜಕ್ಕೂ ದಿನಾ ತಗೊಳ್ಳುತ್ತಿರಲಿಲ್ಲ, ಅಥವಾ ವರ್ಷಗಟ್ಟಲೆ ಒಂದೇ ಜಾಗಕ್ಕೆ ಚುಚ್ಚಿ ಗಂಟಾದ ಚರ್ಮದಲ್ಲಿ ಇನ್ಸುಲಿನ್ ಸರಿಯಾಗಿ ಹೀರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನೀವು ಅದೇ 30 ಯುನಿಟ್ ಅನ್ನು ಒಳ್ಳೆಯ ಜಾಗಕ್ಕೆ, ಹೊತ್ತಿಗೆ ಸರಿಯಾಗಿ ಚುಚ್ಚಿದಿರಿ, ರಾತ್ರಿ ಶುಗರ್ ಕುಸಿಯಿತು. ಕಿಡ್ನಿ ಸೋತವರಲ್ಲೂ ಹೀಗೇ, ಇನ್ಸುಲಿನ್ ದೇಹದಿಂದ ಬೇಗ ಹೊರಹೋಗುವುದಿಲ್ಲ. ಹಾಗಾಗಿ ಅಡ್ಮಿಷನ್ ದಿನವೇ ಹೊಟ್ಟೆ, ತೊಡೆ ಮುಟ್ಟಿ ಗಂಟು ಇದೆಯಾ ನೋಡಿ. ‘ಎಷ್ಟು ಬರೆದುಕೊಟ್ಟಿದ್ದಾರೆ’ ಅಂತಲ್ಲ, ‘ಕಳೆದ ವಾರ ನಿಜಕ್ಕೂ ಎಷ್ಟು ತಗೊಂಡ್ರಿ’ ಅಂತ ಕೇಳಿ.

ಆಸ್ಪತ್ರೆಯಲ್ಲಿ ಶುಗರ್ ಎಷ್ಟಿರಬೇಕು? ಪೂರ್ತಿ ನಾರ್ಮಲ್ ಮಾಡಿಬಿಟ್ರೆ ಒಳ್ಳೇದಲ್ವಾ?

ಒಳ್ಳೆಯದು ಅಂತಲೇ ಒಂದು ಕಾಲದಲ್ಲಿ ನಂಬಿದ್ದರು. 2009ರಲ್ಲಿ ಪ್ರಕಟವಾದ ನೈಸ್-ಶುಗರ್ ಅಧ್ಯಯನ ಆ ನಂಬಿಕೆ ಅಲ್ಲಾಡಿಸಿತು. ಆರು ಸಾವಿರಕ್ಕೂ ಹೆಚ್ಚು ಐಸಿಯು ರೋಗಿಗಳಲ್ಲಿ ಒಂದು ಗುಂಪಿಗೆ ಡೆಸಿಲೀಟರ್ ರಕ್ತಕ್ಕೆ 81-108 ಮಿಲಿಗ್ರಾಂ ಗುರಿ, ಇನ್ನೊಂದಕ್ಕೆ 180 ಅಥವಾ ಕಡಿಮೆ. ಬಿಗಿಯಾಗಿ ಹಿಡಿದ ಗುಂಪಿನಲ್ಲೇ ಸಾವು ಜಾಸ್ತಿ ಆಯಿತು: 27.5 ಶೇಕಡಾ, ಇನ್ನೊಂದರಲ್ಲಿ 24.9. ತೀವ್ರ ಲೋ ಶುಗರ್ ಕೂಡ ಹಲವು ಪಟ್ಟು ಹೆಚ್ಚು. ಈಗ ಐಸಿಯುನಲ್ಲಿರುವ ಹೆಚ್ಚಿನವರಿಗೆ ಡೆಸಿಲೀಟರ್‌ಗೆ 140-180 ಮಿಲಿಗ್ರಾಂ ಗುರಿ. ಸಾಮಾನ್ಯ ವಾರ್ಡ್‌ನಲ್ಲಿ, ಲೋ ಆಗದಂತೆ ನೋಡಿಕೊಳ್ಳಲು ಆಗುವುದಾದರೆ, ಇನ್ನೂ ಸ್ವಲ್ಪ ಕೆಳಗೆ ಇಟ್ಟರೂ ನಡೆಯುತ್ತದೆ. ನಿಮ್ಮ ಕೇರ್ ಪ್ಲಾನ್‌ನಲ್ಲಿ ‘ಶುಗರ್ ನಾರ್ಮಲ್ ಆಗುವುದು’ ಅಂತ ಗುರಿ ಬರೆಯಬೇಡಿ. ಡಾಕ್ಟರ್ ಹೇಳಿದ ಅಂಕಿಯನ್ನೇ ಬರೆಯಿರಿ.

ಲೋ ಶುಗರ್ ಅಂತ ಯಾವಾಗ ಕರೀಬೇಕು, ಮೊದಲು ಏನು ಮಾಡಬೇಕು?

70ಕ್ಕಿಂತ ಕಡಿಮೆ ಬಂದರೆ ಲೋ, 54ಕ್ಕಿಂತ ಕಡಿಮೆ ಅಂದರೆ ಗಂಭೀರ. ರೋಗಿ ಎಚ್ಚರವಾಗಿದ್ದು ನುಂಗಲು ಆದರೆ 15-20 ಗ್ರಾಂ ಗ್ಲೂಕೋಸ್ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಕೊಡಿ. ಸರಿಹೋದ ಮೇಲೆ ತಿನ್ನಲು ಏನಾದರೂ ಕೊಡಿ, ಇಲ್ಲದಿದ್ದರೆ ಮತ್ತೆ ಇಳಿಯಬಹುದು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು. ಅವರಿಗೆ ರಕ್ತನಾಳದ ಮೂಲಕ ಗ್ಲೂಕೋಸ್ ದ್ರಾವಣವಾದ ಡೆಕ್ಸ್‌ಟ್ರೋಸ್, ಲೈನ್ ಸಿಗದಿದ್ದರೆ ಸ್ನಾಯುವಿಗೆ ಗ್ಲುಕಗಾನ್ (ಲಿವರ್‌ನಿಂದ ಸಕ್ಕರೆ ಹೊರತರುವ ಹಾರ್ಮೋನ್).

ಕೆಲವು ಬಲೆಗಳಿವೆ. ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ತಡೆಯುವ ಅಕಾರ್ಬೋಸ್ ಮಾತ್ರೆ ತಗೊಳ್ಳುವವರಿಗೆ ಮಾಮೂಲಿ ಸಕ್ಕರೆ ಕೊಟ್ಟರೆ ಬೇಗ ಕೆಲಸ ಮಾಡುವುದಿಲ್ಲ, ಶುದ್ಧ ಗ್ಲೂಕೋಸೇ ಬೇಕು. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ತಗೊಳ್ಳುವವರಲ್ಲಿ ನಡುಕ, ಎದೆ ಬಡಿತ ಕಾಣದೇ ಇರಬಹುದು, ಬೆವರು ಮಾತ್ರ ಕಾಣುತ್ತದೆ. ಸಲ್ಫೊನೈಲ್‌ಯೂರಿಯಾ (ದೇಹದಿಂದ ಹೆಚ್ಚು ಇನ್ಸುಲಿನ್ ಸುರಿಸುವ) ಮಾತ್ರೆಯಿಂದ ಲೋ ಆದರೆ ಒಮ್ಮೆ ಸರಿಹೋಯಿತು ಅಂತ ಬಿಡಬೇಡಿ, ಗಂಟೆಗಟ್ಟಲೆ ಮರುಕಳಿಸುತ್ತದೆ. ವಯಸ್ಸಾದವರು ಸುಮ್ಮನೆ ಸಿಟ್ಟು ಮಾಡಿಕೊಂಡರೆ, ಗೊಂದಲದಲ್ಲಿ ಮಾತಾಡಿದರೆ ಮೊದಲು ಬೆರಳು ಚುಚ್ಚಿ ನೋಡಿ, ಆಮೇಲೆ ಬೇರೆ ಯೋಚನೆ.

ಮೀಟರ್ ತೋರಿಸೋದನ್ನ ಎಷ್ಟು ನಂಬಬಹುದು?

ಬೆರಳಿಗೆ ಹಣ್ಣಿನ ರಸವೋ ಸಕ್ಕರೆಯೋ ಅಂಟಿದ್ದರೆ ಸುಳ್ಳು ಹೈ ಬರುತ್ತದೆ, ಕೈ ತೊಳೆಸಿ ಒಣಗಿಸಿ. ರಕ್ತಹೀನತೆ ತೀವ್ರವಾಗಿದ್ದರೂ ಹಲವು ಮೀಟರ್‌ಗಳು ಹೆಚ್ಚಿಗೆ ತೋರಿಸುತ್ತವೆ. ಶಾಕ್‌ನಲ್ಲಿರುವವರ, ಕೈ ಊದಿದವರ ಬೆರಳಿನ ರಕ್ತ ನಂಬಲರ್ಹವಲ್ಲ, ಲ್ಯಾಬ್‌ಗೆ ಕಳಿಸಿ. ಅಂಕಿ ಮತ್ತು ರೋಗಿ ಒಂದಕ್ಕೊಂದು ಹೊಂದದಿದ್ದರೆ ರೋಗಿಯನ್ನು ನಂಬಿ, ಟೆಸ್ಟ್ ಮತ್ತೆ ಮಾಡಿ.

ಜ್ವರ ಇಲ್ಲ, ಆದ್ರೂ ‘ಸೋಂಕಿನ ಅಪಾಯ’ ಬರೀಬೇಕಾ?

ಬರೆಯಬೇಕು. ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ರಕ್ತ ಹರಿವು ಕಮ್ಮಿ ಇರುವ ಕಡೆ ಗಾಯಕ್ಕೆ ಆಂಟಿಬಯಾಟಿಕ್ ಕೂಡ ಸರಿಯಾಗಿ ತಲುಪುವುದಿಲ್ಲ. ಮುಖ್ಯ ವಿಷಯ ಅಂದರೆ ಇವರಲ್ಲಿ ಸೋಂಕು ಆಗಿದ್ದರೂ ಜ್ವರ ಬರದೇ ಇರಬಹುದು. ಕಾರಣವೇ ಇಲ್ಲದೆ ಎರಡು ದಿನದಿಂದ ಶುಗರ್ ಏರುತ್ತಿದೆ ಅಂದರೆ ಅದೇ ಮೊದಲ ಸೂಚನೆ ಆಗಿರಬಹುದು. ಮೂತ್ರದ ಕ್ಯಾತಿಟರ್ ಇನ್ನೂ ಬೇಕಾ ಅಂತ ಪ್ರತಿ ಶಿಫ್ಟ್‌ನಲ್ಲೂ ಕೇಳಿ. ಕ್ಯಾನುಲಾ ಜಾಗ, ಬೆರಳ ಸಂದು, ತೊಡೆ ಸಂದು, ಸ್ತನದ ಕೆಳಗಿನ ಮಡಿಕೆ ಇವನ್ನೆಲ್ಲ ಸ್ನಾನ ಮಾಡಿಸುವಾಗಲೇ ನೋಡಿಬಿಡಬಹುದು, ಬೇರೆ ಸಮಯ ಬೇಕಿಲ್ಲ.

ರೋಗಿ ಬಂದಿದ್ದು ನ್ಯುಮೋನಿಯಾಗೆ. ಕಾಲು ಯಾಕೆ ನೋಡಬೇಕು?

ಯಾಕೆಂದರೆ ಅವರು ಹೇಳುವುದಿಲ್ಲ. ಸ್ಪರ್ಶವೇ ತಿಳಿಯದ ಪಾದದಲ್ಲಿ ಹುಣ್ಣಾದರೆ ನೋವಿರುವುದಿಲ್ಲ, ನೋವಿಲ್ಲದ್ದನ್ನು ಯಾರೂ ದೂರುವುದಿಲ್ಲ. ಸಾಕ್ಸ್ ತೆಗೆಸಿ. ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡಿ. ಎರಡೂ ಪಾದ ಮುಟ್ಟಿ ಬಿಸಿ ವ್ಯತ್ಯಾಸ ಇದೆಯಾ ನೋಡಿ. ಪಾದದ ಮೇಲ್ಭಾಗದ ಮತ್ತು ಒಳ ಗಿಣ್ಣಿನ ಹಿಂದಿನ ನಾಡಿ ಹಿಡಿಯಿರಿ. 10 ಗ್ರಾಂ ಮೊನೊಫಿಲಮೆಂಟ್ (ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ) ಇದ್ದರೆ ಬಳಸಿ, ಇಲ್ಲದಿದ್ದರೆ ರೋಗಿಗೆ ಕಣ್ಣು ಮುಚ್ಚಲು ಹೇಳಿ ಬೆರಳ ತುದಿಗಳನ್ನು ಹಗುರಾಗಿ ಮುಟ್ಟಿ, ತಿಳಿಯಿತಾ ಅಂತ ಕೇಳಿ.

ಆಸ್ಪತ್ರೆಯಲ್ಲೇ ಪಾದಕ್ಕೆ ಆಗುವ ಗಾಯ ಹೆಚ್ಚಾಗಿ ಹಿಮ್ಮಡಿಯಲ್ಲಿ. ಮಲಗಿದಲ್ಲೇ ಮಲಗಿದವರ ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಮೀನಖಂಡದ ಕೆಳಗೆ ದಿಂಬು ಇಡಿ. ಬಿಸಿನೀರಿನ ಚೀಲ ಬೇಡವೇ ಬೇಡ. ಕಾಲಿನ ರಕ್ತ ಹರಿವು ಅಳೆಯುವ ಆಂಕಲ್-ಬ್ರೇಕಿಯಲ್ ಅಂಕಿ (ಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸಿದ್ದು) 1.3 ದಾಟಿದೆ ಅಂತ ಖುಷಿಪಡಬೇಡಿ. ಡಯಾಬಿಟಿಸ್‌ನಲ್ಲಿ ರಕ್ತನಾಳದ ಗೋಡೆಗೆ ಕ್ಯಾಲ್ಸಿಯಂ ಕೂತು ಗಟ್ಟಿಯಾಗುವುದರಿಂದ ಅಂಕಿ ಸುಳ್ಳೇ ಏರುತ್ತದೆ.

ಬೀಳುವ ಅಪಾಯಕ್ಕೂ ಡಯಾಬಿಟಿಸ್‌ಗೂ ಏನು ಸಂಬಂಧ?

ಪಾದ ನೆಲದ ಮೇಲಿರುವುದೇ ಸರಿಯಾಗಿ ತಿಳಿಯುವುದಿಲ್ಲ, ಕಣ್ಣು ಮಂಜು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕು, ನಿಂತ ಕೂಡಲೇ ಬಿಪಿ ಇಳಿಯುತ್ತದೆ. ಮಲಗಿಸಿ ಒಮ್ಮೆ, ನಿಲ್ಲಿಸಿದ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಚಾರ್ಟ್‌ನಲ್ಲಿ ಬರೆದು ಡಾಕ್ಟರ್‌ಗೆ ತಿಳಿಸಿ.

ಇಪ್ಪತ್ತು ವರ್ಷದಿಂದ ಶುಗರ್ ಇದೆ ಅವರಿಗೆ. ‘ತಿಳುವಳಿಕೆಯ ಕೊರತೆ’ ಅಂತ ಬರೆಯೋದು ಸರಿನಾ?

ಅವರು ಗೊತ್ತಿಲ್ಲ ಅಂತ ತೋರಿಸಿಕೊಟ್ಟರೆ ಸರಿ. ಸಾಕ್ಷಿ ಇಲ್ಲದೆ ಬರೆದರೆ ತಪ್ಪು, ಅವಮಾನ ಕೂಡ. ಈ ಡಯಾಗ್ನೋಸಿಸ್ ಅನ್ನು ಖಾಲಿ ಜಾಗ ತುಂಬಿಸಲು ಬಳಸುವುದನ್ನು ನೋಡಿ ನೋಡಿ ನನಗೆ ಬೇಜಾರಾಗಿದೆ. ಗೊತ್ತಿದ್ದೂ ಮಾಡಲು ಆಗದವರು ಬೇಕಾದಷ್ಟು ಜನ: ದುಡ್ಡಿಲ್ಲ, ಕಣ್ಣು ಕಾಣದು, ಕೈ ನಡುಗುತ್ತದೆ, ರಾತ್ರಿ ಪಾಳಿ ಕೆಲಸದಲ್ಲಿ ಊಟಕ್ಕೆ ಹೊತ್ತಿಲ್ಲ. ಅವರಿಗೆ ಹೊಂದುವುದು ‘ಆರೋಗ್ಯವನ್ನು ತಾನೇ ನಿಭಾಯಿಸಿಕೊಳ್ಳಲು ಆಗದಿರುವುದು’. ಅಲ್ಲಿ ಪಾಠ ಹೇಳಿ ಪ್ರಯೋಜನವಿಲ್ಲ, ಅಡ್ಡಿ ತೆಗೆಯಬೇಕು. ‘ಹೇಳಿದ್ದು ಕೇಳದ ರೋಗಿ’ ಎಂಬರ್ಥದ ಹಳೆಯ ಲೇಬಲ್ ಈಗ ನ್ಯಾಂಡಾ ಪಟ್ಟಿಯಲ್ಲಿ ಇಲ್ಲ, ಒಳ್ಳೆಯದೇ ಆಯಿತು.

ತಿಳುವಳಿಕೆ ನೋಡಬೇಕು ಅಂದರೆ ‘ಗೊತ್ತಾಯ್ತಾ?’ ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ನೀವು ಮನೇಲಿ ಹೇಗೆ ಚುಚ್ಚಿಕೊಳ್ತೀರೋ ಹಾಗೇ ತೋರಿಸಿ’ ಅನ್ನಿ. ಎರಡೇ ನಿಮಿಷದಲ್ಲಿ ಎಲ್ಲ ಬಯಲಾಗುತ್ತದೆ.

## ಸ್ವಲ್ಪ ಕಷ್ಟದವು

ಕೀಟೋಅಸಿಡೋಸಿಸ್ ಆಗಿ ಬಂದವರಿಗೆ ಮೊದಲ ಡಯಾಗ್ನೋಸಿಸ್ ಶುಗರ್‌ದೇ ತಾನೇ?

ಅಲ್ಲ. ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿ, ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ತುಂಬಿಕೊಳ್ಳುವ ಸ್ಥಿತಿ ಇದು. ಇಲ್ಲಿ ಮೊದಲು ದ್ರವದ ಕೊರತೆ. ಸಕ್ಕರೆ ಮೂತ್ರದಲ್ಲಿ ನೀರನ್ನು ಎಳೆದುಕೊಂಡು ಹೋಗಿರುತ್ತದೆ, ದೊಡ್ಡವರಲ್ಲಿ ಸುಮಾರು 6 ಲೀಟರ್ ಕಳೆದುಹೋಗಿರಬಹುದು. ಶುಗರ್ 600 ದಾಟಿ ಕೀಟೋನ್ ಹೆಚ್ಚಿಲ್ಲದೆ ಮಂಪರಿನಲ್ಲಿ ಬರುವ ಹೈಪರ್‌ಆಸ್ಮೊಲಾರ್ ಸ್ಥಿತಿಯಲ್ಲಿ ಇನ್ನೂ ಹೆಚ್ಚು, 9 ಲೀಟರ್‌ವರೆಗೆ. ಹಾಗಾಗಿ ಸಲೈನ್ ಮೊದಲು. ನಿಮ್ಮ ಕೆಲಸ: ಗಂಟೆ ಗಂಟೆಗೆ ಮೂತ್ರದ ಲೆಕ್ಕ, ನಾಡಿ, ಬಿಪಿ, ಪ್ರಜ್ಞೆ, ಗಂಟೆಗೊಮ್ಮೆ ಶುಗರ್.

ಎರಡನೆಯದು ಪೊಟ್ಯಾಸಿಯಂ. ಇದು ಜೀವ ತೆಗೆಯುವಂಥದ್ದು. ಬಂದಾಗ ಲ್ಯಾಬ್‌ನಲ್ಲಿ ಸರಿಯಾಗಿಯೇ ಇದೆ ಅನಿಸುತ್ತದೆ, ಇನ್ಸುಲಿನ್ ಶುರುವಾದ ಕೂಡಲೇ ಅದು ಜೀವಕೋಶದೊಳಗೆ ನುಗ್ಗಿ ರಕ್ತದಲ್ಲಿ ಕುಸಿಯುತ್ತದೆ. ಪೊಟ್ಯಾಸಿಯಂ 3.5ಕ್ಕಿಂತ ಕಡಿಮೆ ಇದ್ದರೆ ಅದನ್ನು ಸರಿಪಡಿಸುವವರೆಗೆ ಇನ್ಸುಲಿನ್ ತಡೆಹಿಡಿಯುತ್ತಾರೆ, ಹಳೆಯ ಪ್ರೋಟೊಕಾಲ್‌ಗಳಲ್ಲಿ 3.3 ಅಂತ ಇರುತ್ತದೆ. ರಿಪೋರ್ಟ್ ನೋಡದೆ ಡ್ರಿಪ್ ಶುರು ಮಾಡಬೇಡಿ.

ಆಳವಾದ, ವೇಗದ ಉಸಿರು ನೋಡಿ ‘ಉಸಿರಾಟದ ತೊಂದರೆ’ ಅಂತ ಮೊದಲ ಸಾಲಿಗೆ ಹಾಕುವವರಿದ್ದಾರೆ. ಅದು ದೇಹ ಆಮ್ಲವನ್ನು ಹೊರಹಾಕಲು ಮಾಡುತ್ತಿರುವ ಪ್ರಯತ್ನ. ಗಮನಿಸಿ, ಆದರೆ ನಿಲ್ಲಿಸಲು ಹೋಗಬೇಡಿ. ಶುಗರ್ 250ರ ಹತ್ತಿರ ಬಂದಾಗ ಡೆಕ್ಸ್‌ಟ್ರೋಸ್ ಸೇರಿಸುವುದು ಯಾಕೆ ಅಂತ ರೋಗಿಯ ಕಡೆಯವರು ಗಾಬರಿಯಾಗಿ ಕೇಳುತ್ತಾರೆ. ಕೀಟೋನ್ ಹೋಗುವವರೆಗೆ ಇನ್ಸುಲಿನ್ ಬೇಕು, ಅದಕ್ಕೆ ಸಕ್ಕರೆಯ ಆಸರೆ ಬೇಕು. ಡ್ರಿಪ್ ನಿಲ್ಲಿಸುವ 1-2 ಗಂಟೆ ಮೊದಲೇ ಚರ್ಮದಡಿಯ ದೀರ್ಘಕಾಲದ ಇನ್ಸುಲಿನ್ ಕೊಟ್ಟಿರಬೇಕು. ಆ ಅಂತರ ತಪ್ಪಿದರೆ ಕೀಟೋನ್ ಮತ್ತೆ ಶುರು.

ರೋಗಿ ಉಪವಾಸ ಇದ್ದಾರೆ, ಬೆಳಿಗ್ಗೆ ಆಪರೇಷನ್. ಇನ್ಸುಲಿನ್ ಪೂರ್ತಿ ನಿಲ್ಲಿಸಿಬಿಡೋದಾ?

ಊಟದ ಇನ್ಸುಲಿನ್ ಬೇಡ, ಊಟವೇ ಇಲ್ಲವಲ್ಲ. ದೀರ್ಘಕಾಲದ ಇನ್ಸುಲಿನ್ ಬೇರೆ ವಿಷಯ. ಟೈಪ್ 1 ಇರುವವರಿಗೆ ಅದನ್ನು ನಿಲ್ಲಿಸಲೇಬಾರದು, ಹೆಚ್ಚೆಂದರೆ ಡಾಕ್ಟರ್ ಡೋಸ್ ಇಳಿಸುತ್ತಾರೆ. ‘ಉಪವಾಸ, ಹಾಗಾಗಿ ಕೊಟ್ಟಿಲ್ಲ’ ಅಂತ ಚಾರ್ಟ್‌ನಲ್ಲಿ ಬರೆದರೆ ಸಂಜೆ ಹೊತ್ತಿಗೆ ಕೀಟೋನ್ ಬಂದಿರುತ್ತದೆ. ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ತರಹದ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆ ತಗೊಳ್ಳುತ್ತಿದ್ದಾರಾ ಅಂತ ತಪ್ಪದೆ ಕೇಳಿ. ಅವನ್ನು ಆಪರೇಷನ್‌ಗೆ 3 ದಿನ ಮೊದಲೇ ನಿಲ್ಲಿಸಿರಬೇಕು. ನಿಲ್ಲಿಸದಿದ್ದರೆ ಶುಗರ್ 180 ಇದ್ದಾಗಲೂ ಕೀಟೋಅಸಿಡೋಸಿಸ್ ಆಗಬಹುದು. ವಾಂತಿ, ಹೊಟ್ಟೆನೋವು, ವೇಗದ ಉಸಿರು ಇದ್ದರೆ ಶುಗರ್ ಅಂಕಿ ನೋಡಿ ಸುಮ್ಮನಾಗದೆ ಕೀಟೋನ್ ಟೆಸ್ಟ್ ಕೇಳಿ.

ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿರುವವರ ಫೀಡ್ ಇದ್ದಕ್ಕಿದ್ದಂತೆ ನಿಂತರೂ ಅಪಾಯವೇ. ಇನ್ಸುಲಿನ್ ಒಳಗಿದೆ, ಆಹಾರ ಇಲ್ಲ. ಕೂಡಲೇ ಡಾಕ್ಟರ್‌ಗೆ ಹೇಳಿ, ಸಾಮಾನ್ಯವಾಗಿ 10 ಶೇಕಡಾ ಡೆಕ್ಸ್‌ಟ್ರೋಸ್ ಹಾಕಿಸುತ್ತಾರೆ.

ಸ್ಟೀರಾಯ್ಡ್ ಶುರುವಾದ ಮೇಲೆ ಬೆಳಿಗ್ಗೆ 110, ಸಂಜೆ 320. ಮೀಟರ್ ಕೆಟ್ಟಿದೆಯಾ?

ಮೀಟರ್ ಸರಿಯಾಗಿದೆ. ಬೆಳಿಗ್ಗೆ ಕೊಟ್ಟ ಪ್ರೆಡ್ನಿಸೊಲೋನ್ ಮಧ್ಯಾಹ್ನದಿಂದ ಸಂಜೆವರೆಗೆ ಶುಗರ್ ಏರಿಸುತ್ತದೆ, ರಾತ್ರಿ ಇಳಿಯುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಅಂಕಿಯೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸಂಜೆಯ 320 ನೋಡಿ ರಾತ್ರಿಯ ಇನ್ಸುಲಿನ್ ಏರಿಸಿದರೆ ಬೆಳಗಿನ ಜಾವ ಲೋ ಆಗುತ್ತದೆ. ನಾಲ್ಕೂ ಹೊತ್ತಿನ ಅಂಕಿಯನ್ನು ಸ್ಟೀರಾಯ್ಡ್ ಕೊಟ್ಟ ಸಮಯದ ಜೊತೆ ಒಂದೇ ಕಡೆ ಬರೆದು ತೋರಿಸಿ, ಡಾಕ್ಟರ್‌ಗೆ ನಿರ್ಧಾರ ಸುಲಭ.

ಒಬ್ಬರಿಗೇ ಎಂಟು ಡಯಾಗ್ನೋಸಿಸ್ ಸಿಗುತ್ತೆ. ಯಾವುದನ್ನ ಮೇಲೆ ಬರೀಲಿ?

ಮುಂದಿನ ಕೆಲವು ಗಂಟೆಯಲ್ಲಿ ಯಾವುದು ಪ್ರಾಣಕ್ಕೆ ಕುತ್ತು ತರಬಹುದೋ ಅದು ಮೇಲೆ. ಕಾಲಿನ ಹುಣ್ಣು, ನೋವು, ಆತಂಕ, ತಿಳುವಳಿಕೆ ಕೊರತೆ ಎಲ್ಲ ಇರುವ ರೋಗಿ ಇವತ್ತು ಎರಡು ಸಲ ವಾಂತಿ ಮಾಡಿದ್ದಾರೆ, ಇನ್ಸುಲಿನ್ ಹೋಗಿದೆ ಅಂದರೆ ಇವತ್ತು ಮೇಲಿರಬೇಕಾದ್ದು ಸಕ್ಕರೆ ಕುಸಿಯುವ ಅಪಾಯ. ನಾಳೆ ವಾಂತಿ ನಿಂತರೆ ಹುಣ್ಣು ಮೇಲೆ ಬರುತ್ತದೆ. ಕ್ರಮ ದಿನಾ ಬದಲಾಗಬೇಕು. ಅಡ್ಮಿಷನ್ ದಿನ ಬರೆದದ್ದು ಡಿಸ್ಚಾರ್ಜ್ ದಿನವೂ ಹಾಗೇ ಇದ್ದರೆ ಅದನ್ನು ಯಾರೂ ಓದಿಲ್ಲ. ಎಂಟರಲ್ಲಿ ಮೂರು ನಾಲ್ಕನ್ನು ಚೆನ್ನಾಗಿ ಮಾಡಿದರೆ ಸಾಕು.

ಕಾಲು ತೆಗೆಯಬೇಕು ಅಂದಾಗಿನಿಂದ ಮಾತೇ ಆಡ್ತಿಲ್ಲ. ಇದಕ್ಕೂ ಡಯಾಗ್ನೋಸಿಸ್ ಇದೆಯಾ?

ಇದೆ. ದುಃಖ, ಕೈಲಾಗದ ಭಾವನೆ, ತನ್ನ ದೇಹದ ಬಗ್ಗೆ ಬದಲಾದ ಭಾವನೆ, ಯಾವುದು ಹೊಂದುತ್ತದೋ ನೋಡಿ. ಆದರೆ ಲೇಬಲ್ ಆರಿಸುವ ಮೊದಲು ಹತ್ತು ನಿಮಿಷ ಪಕ್ಕ ಕೂತುಕೊಳ್ಳಿ. ‘ಧೈರ್ಯವಾಗಿರಿ’ ಅನ್ನಬೇಡಿ. ‘ಮೊದಲೇ ಶುಗರ್ ನೋಡಿಕೊಂಡಿದ್ದರೆ’ ಅಂತಂತೂ ಯಾರೂ ಅನ್ನಬಾರದು, ಮನೆಯವರು ಅಂದರೆ ಅವರನ್ನು ಹೊರಗೆ ಕರೆದು ಹೇಳಿ. ಸಣ್ಣ ವಿಷಯಗಳಲ್ಲಿ ನಿರ್ಧಾರ ಅವರಿಗೇ ಬಿಡಿ: ಡ್ರೆಸ್ಸಿಂಗ್ ಯಾವ ಹೊತ್ತಿಗೆ, ಇಂಜೆಕ್ಷನ್ ಯಾವ ಜಾಗಕ್ಕೆ. ಊಟ ಬಿಟ್ಟರೆ, ಬದುಕು ಸಾಕು ಎಂಬ ಮಾತು ಬಂದರೆ ಅದೇ ಶಿಫ್ಟ್‌ನಲ್ಲಿ ಡಾಕ್ಟರ್‌ಗೆ ತಿಳಿಸಬೇಕು.

ನಾಳೆ ಡಿಸ್ಚಾರ್ಜ್. ಇರೋ ಅರ್ಧ ಗಂಟೆಯಲ್ಲಿ ಏನೇನು ಹೇಳಿಕೊಡಲಿ?

ಎಲ್ಲ ಹೇಳಲು ಹೋದರೆ ಏನೂ ಉಳಿಯುವುದಿಲ್ಲ. ಲೋ ಶುಗರ್ ಗುರುತಿಸಿ ಸರಿಪಡಿಸುವುದು. ಇನ್ಸುಲಿನ್ ಸರಿಯಾಗಿ ಎಳೆದು ಚುಚ್ಚುವುದು. ಜ್ವರ, ವಾಂತಿ ಬಂದ ದಿನ ಏನು ಮಾಡಬೇಕು, ಯಾವಾಗ ವಾಪಸ್ ಬರಬೇಕು. ಪಾದ ದಿನಾ ನೋಡುವುದು. ಇಷ್ಟು ಸಾಕು, ಆಹಾರದ ದೊಡ್ಡ ಪಾಠ ಮುಂದಿನ ಭೇಟಿಗೆ ಇರಲಿ. ಇನ್ಸುಲಿನ್ ಬಾಟಲಿ ಮತ್ತು ಸಿರಿಂಜ್ ಹೊಂದುತ್ತವಾ ಅಂತ ಮಾತ್ರ ನೀವೇ ಕೈಯಲ್ಲಿ ಹಿಡಿದು ನೋಡಿ. ಕೆಲವು ದೇಶಗಳಲ್ಲಿ ಮಿಲಿಲೀಟರ್‌ಗೆ 40 ಯುನಿಟ್‌ನದೂ 100 ಯುನಿಟ್‌ನದೂ ಎರಡೂ ಸಿಗುತ್ತವೆ. 100ರ ಇನ್ಸುಲಿನ್ ಅನ್ನು 40ರ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಹೋಗುವುದು 50 ಯುನಿಟ್. ಸಾಮಾನ್ಯವಾಗಿ 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಆದರೂ ಬಣ್ಣವೊಂದನ್ನೇ ನಂಬದೆ ಮೇಲೆ ಬರೆದ ಅಂಕಿ ಓದಿ, ರೋಗಿಯಿಂದಲೂ ಓದಿಸಿ. ಕಣ್ಣು ಕಾಣದವರಾದರೆ ಮನೆಯಲ್ಲಿ ಯಾರು ಎಳೆದುಕೊಡುತ್ತಾರೋ ಅವರನ್ನು ಕರೆಸಿ ಅವರ ಕೈಯಲ್ಲೇ ಮಾಡಿಸಿ.